ಅಂಗಿ ಬಿಚ್ಚಿ, ಉಸಿರು ಎಣಿಸಿ

ಮಕ್ಕಳ ಆರೋಗ್ಯ: ಓದುಗರ ಪ್ರಶ್ನೆಗೆ ವೈದ್ಯೆಯ ಉತ್ತರ

ರಾಯಚೂರು, ಕೊಪ್ಪಳದಲ್ಲೂ ಚಳಿಗಾಲ ಇದೆಯೇ ಎಂದು ಬೆಂಗಳೂರಿನ ನೆಂಟರು ನಗುತ್ತಾರೆ. ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಕುಳಿತವರೇ ಬೆಳಗಿನ ಜಾವ ಕೌದಿಯ ಮೇಲೆ ಕೌದಿ ಎಳೆದುಕೊಳ್ಳುವ ತಿಂಗಳುಗಳು ಇವು. ಗಂಗಾವತಿಯ ನನ್ನ ದವಾಖಾನೆಯ ಬೆಂಚು ಈಗ ಖಾಲಿ ಇರುವುದೇ ಇಲ್ಲ. ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಮ್ಮು, ನೆಗಡಿಯವು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಒಬ್ಬರದನ್ನು ಆರಿಸಿಕೊಂಡಿದ್ದೇನೆ. ಉಳಿದವರು ಮುನಿಸಿಕೊಳ್ಳಬಾರದು.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ದೀಪಾವಳಿಯಿಂದ ಈಚೆಗೆ ಇದು ಮೂರನೆಯ ನೆಗಡಿ. ಮೂವರು ಡಾಕ್ಟರರಿಗೆ ತೋರಿಸಿದೆವು. ಮನೆಯಲ್ಲಿ ಐದು ಬಾಟಲಿ ಸಿರಪ್ ಇವೆ, ಮೂಗು ಸೋರುವುದು ಮಾತ್ರ ನಿಂತಿಲ್ಲ. ಇವಳಿಗೆ ಶಕ್ತಿ ಕಡಿಮೆಯೇ? ಯಾವ ಟಾನಿಕ್ ಕೊಡಲಿ? (ಸಿಂಧನೂರಿನ ತಾಯಿ)

ಉತ್ತರ: ಮೊದಲು ಆ ಐದು ಬಾಟಲಿಗಳನ್ನು ಕಪಾಟಿನಿಂದ ಇಳಿಸಿ. ಶಕ್ತಿಯ ಟಾನಿಕ್ ಎಂಬುದೊಂದು ಅಂಗಡಿಯಲ್ಲಿದೆ, ವೈದ್ಯಶಾಸ್ತ್ರದಲ್ಲಿ ಇಲ್ಲ. ಈ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಮನೆಯಲ್ಲಿ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಇದ್ದರೆ ಇನ್ನೂ ಒಂದೆರಡು ಹೆಚ್ಚು. ನೆಗಡಿ ತರುವುದು ವೈರಸ್. ಆಂಟಿಬಯೋಟಿಕ್‌ಗೆ ಅದು ಜಗ್ಗುವುದಿಲ್ಲ. ಸುರಿಯುವ ಸಿಂಬಳ ನಾಲ್ಕನೆಯ ದಿನ ಹಸಿರಾಯಿತು ಎಂದು ಓಡಿ ಬರುವವರಿದ್ದಾರೆ. ಹಸಿರಾಗುತ್ತದೆ, ಆಮೇಲೆ ಒಣಗುತ್ತದೆ. ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಆದರೆ ಮೂರು ವಾರ ದಾಟಿತು, ತೂಕ ಇಳಿಯಿತು, ಅಥವಾ ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದೆ ಎಂದಾದರೆ ಸುಮ್ಮನಿರಬೇಡಿ.

ಸಿರಪ್ ವಿಷಯಕ್ಕೆ ಬರುತ್ತೇನೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎರಡೂ ಸೇರಿದ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ನಿಮ್ಮ ಬಾಟಲಿಗಳ ಸಣ್ಣ ಅಕ್ಷರ ಓದಿ ನೋಡಿ, ಒಂದಾದರೂ ಆ ಜಾತಿಯದು ಇರುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತು, ಕಿಡ್ನಿ ನಿಂತು ಎಳೆಯ ಮಕ್ಕಳು ಸತ್ತರು. ಸಾಮಾನ್ಯ ಕೆಮ್ಮಿಗೆಂದು ಕುಡಿಸಿದ್ದು ಅದು. ಅದರ ಹಿಂದೆಯೇ ಆರೋಗ್ಯ ಸಚಿವಾಲಯ 2 ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಸಿರಪ್ ಬೇಡವೇ ಬೇಡ, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ತಿಳಿಸಿತು. ನಿಮ್ಮ ಮಗಳಿಗೆ ಬೇಕಾದದ್ದು ಮೂಗಿಗೆ ಉಪ್ಪುನೀರಿನ ಹನಿ, ಎದೆಹಾಲು, ಬಿಸಿ ಬಿಸಿ ಬೇಳೆಕಟ್ಟು. ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಯ ಕರುಳಿನಲ್ಲಿ ವಿಷ ಮಾಡುತ್ತದೆ. ಕೈಯಲ್ಲಿ ಕರ್ಪೂರ ಉಜ್ಜಿ ಮೂಸಿಸುವುದು, ಕರ್ಪೂರದ ಎಣ್ಣೆ ಎದೆಗೆ ಬಳಿಯುವುದು ಕೂಡ ಬೇಡ. ಒಂದು ಬಿಲ್ಲೆ ಬಾಯಿಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು.

ಹಾಗಾದರೆ ನೆಗಡಿ ಯಾವಾಗ ನ್ಯುಮೋನಿಯಾ ಆಗುತ್ತದೆ ಎಂದು ಹೇಗೆ ತಿಳಿಯಬೇಕು? ಇದನ್ನು ನನ್ನ ಬೆಂಚಿನ ಮೇಲೆ ಕೂತ ಪ್ರತಿ ತಾಯಿಗೂ ಮಾಡಿ ತೋರಿಸುತ್ತೇನೆ. ಮಗು ಮಲಗಿರಲಿ ಇಲ್ಲವೇ ಮಡಿಲಲ್ಲಿ ಸುಮ್ಮನಿರಲಿ. ಅಳುವಾಗ, ಹಾಲು ಕುಡಿಯುವಾಗ ಬೇಡ. ಅಂಗಿಯನ್ನು ಎದೆಯವರೆಗೆ ಎತ್ತಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲ್ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ 60 ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ, ಮಕ್ಕಳು ಬಿಟ್ಟು ಬಿಟ್ಟು ಉಸಿರಾಡುತ್ತಾರೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40: ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಅಂದೇ ಆಸ್ಪತ್ರೆಗೆ ಬನ್ನಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು ಬಿಟ್ಟು ಮಂಕಾದರೆ ಎಣಿಸುತ್ತ ಕೂರಬೇಡಿ, ಹೊರಡಿ. ಈ ಲೆಕ್ಕ ಆಶಾ ಕಾರ್ಯಕರ್ತೆಯರಿಗೂ ಗೊತ್ತು. ನ್ಯುಮೋನಿಯಾ ತಡೆಯುವ ಸಾನ್ಸ್ ಅಭಿಯಾನದಲ್ಲಿ ಅವರು ಕಲಿತದ್ದು ಇದನ್ನೇ.

ಸ್ವೆಟರ್, ಅದರ ಮೇಲೆ ಶಾಲು, ಅದರ ಮೇಲೆ ಕುಂಚಿಗೆ ಹೊದಿಸಿದ ಮಗುವನ್ನು ನನ್ನ ಮುಂದಿಟ್ಟು "ಉಸಿರು ಸರಿಯಿದೆ ಅಲ್ಲವೇ" ಎಂದು ಕೇಳುವವರು ದಿನಕ್ಕೆ ಹತ್ತು ಮಂದಿ. ಬಟ್ಟೆಯ ಗಂಟಿಗೆ ನಾನು ಏನು ಹೇಳಲಿ?

ಪ್ರಶ್ನೆ: ಸೊಸೆಗೆ ಹೆರಿಗೆಯಾಗಿ ಹದಿನೆಂಟು ದಿನ. ಹೊರಸಿನ ಕೆಳಗೆ ಕೆಂಡ ಇಡುತ್ತೇವೆ, ಎರಡು ಹೊತ್ತು ಲೋಬಾನ ಹಾಕುತ್ತೇವೆ. ನರ್ಸ್ ಬೈದು ಹೋದರು. ನಮ್ಮ ಮಕ್ಕಳೆಲ್ಲ ಹೀಗೇ ಬೆಳೆದವರಲ್ಲವೇ? (ಕಾರಟಗಿಯ ಅಜ್ಜಿ)

ಉತ್ತರ: ಅಮ್ಮಾ, ನಾನೂ ಹೀಗೇ ಬೆಳೆದವಳು, ನನ್ನ ಮಗನ ಬಾಣಂತನವೂ ಹೀಗೇ ಆಯಿತು. ಲಿಂಗಸುಗೂರು ತಾಲ್ಲೂಕಿನ ತವರು, ಪುಷ್ಯ ಮಾಸ. ಎಂ.ಬಿ.ಬಿ.ಎಸ್. ಮುಗಿಸಿದ್ದೆ, ಆದರೆ ಅಜ್ಜಿಯ ಮುಂದೆ ಬಾಯಿ ತೆರೆಯುವ ಧೈರ್ಯ ಇರಲಿಲ್ಲ. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಗಾಳಿ ಬಾರದಂತೆ ಅದಕ್ಕೂ ಗೋಣಿಚೀಲ ತುರುಕಿದ್ದರು. ಹೊರಸಿನ ಕೆಳಗೆ ಹಳೆಯ ಬಾಣಲೆಯಲ್ಲಿ ಜಾಲಿ ಕಟ್ಟಿಗೆಯ ಕೆಂಡ. ಮೂರನೆಯ ಬೆಳಿಗ್ಗೆ ಎದ್ದಾಗ ನನ್ನ ತಲೆ ಸಿಡಿಯುತ್ತಿತ್ತು, ವಾಂತಿ ಬರುವಂತಾಗುತ್ತಿತ್ತು. ಮಗುವಿನ ಬಾಯಿಗೆ ಮೊಲೆ ಕೊಟ್ಟರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಅಂಗಾಲಿಗೆ ಬೆರಳಿನಿಂದ ತಟ್ಟಿದೆ, ಕಣ್ಣು ಬಿಡಲಿಲ್ಲ. ಅವ್ವ ದೃಷ್ಟಿ ಎಂದು ಉಪ್ಪು, ಮೆಣಸಿನಕಾಯಿ ತರಲು ಹೋದಳು. ನಾನು ಮಗುವನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಓಡಿದೆ. ಅಳು ಕೇಳಿಸಿದ ಮೇಲೆಯೇ ನನ್ನ ಕೈನಡುಕ ನಿಂತದ್ದು.

ಕೆಂಡಕ್ಕೆ ಹೊಗೆ ಇಲ್ಲವಲ್ಲ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಮೋಸ ಇರುವುದೇ ಅಲ್ಲಿ. ಮುಚ್ಚಿದ ಕೋಣೆಯಲ್ಲಿ ಮಂದವಾಗಿ ಉರಿಯುವ ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಲೋಬಾನದ ಹೊಗೆಯಂತೂ ನೇರ ಎಳೆಯ ಶ್ವಾಸಕೋಶಕ್ಕೆ. ದೇವರ ಮುಂದೆ ಹಾಕಿ, ಬಾಣಂತಿ ಕೋಣೆಯಲ್ಲಿ ಬೇಡ.

ಕೂಸಿನ ಮೈ ಬೆಚ್ಚಗಿರಬೇಕು ಎಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ತಾಯಿಯ ಮೈಗಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ. ಟೊಪ್ಪಿಗೆ, ಲಂಗೋಟಿ ಬಿಟ್ಟು ಮಗುವಿನ ಬಟ್ಟೆ ತೆಗೆದು, ಸೊಸೆಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲಿಂದ ಕೌದಿ ಹೊದಿಸಿ. ಮುಖ ತೆರೆದಿರಲಿ. ಆಗಾಗ ಹೊಟ್ಟೆ ಮುಟ್ಟಿ, ಅಂಗಾಲು ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸು ಚಳಿಗೆ ಸೋಲುತ್ತಿದೆ ಎಂದು ಅರ್ಥ. ಎರಡೂ ತಣ್ಣಗಿದ್ದರೆ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಕರೆತನ್ನಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಅಷ್ಟೇ, ಮನೆಮದ್ದಿಗೆ ಕಾಯಬಾರದು. 21ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಂದಾಗ ಜ್ವರ ನೋಡಿಸಿ, ತೂಕ ಮಾಡಿಸಿ. ಎರೆಯುವಾಗ ಮೂಗಿಗೆ, ಕಿವಿಗೆ ಔಡಲೆಣ್ಣೆ ಬಿಡುತ್ತಿದ್ದರೆ ಅದನ್ನೂ ಇಂದಿಗೇ ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ಬಗೆಯ ನ್ಯುಮೋನಿಯಾ ಆಗುತ್ತದೆ.

ಪ್ರಶ್ನೆ: ಮೊಮ್ಮಕ್ಕಳಿಗೆ ಚಳಿಯಲ್ಲಿ ಮೊಸರು, ಬಾಳೆಹಣ್ಣು, ಪೇರಲ ಕೊಡಬಹುದೇ? ದಿನಾ ಸ್ನಾನ ಬೇಕೇ? (ಮಾನ್ವಿಯ ನಿವೃತ್ತ ಶಿಕ್ಷಕರು)

ಉತ್ತರ: ಕೊಡಿ ಸರ್, ಮೂರನ್ನೂ ಕೊಡಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಬೇಡ, ಅಷ್ಟೇ. ಈಗ ಅಗ್ಗವಾಗಿ ಸಿಗುವ ಪೇರಲದಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವ ಇದೆ. ನಾವು ಅದನ್ನು ನೆಗಡಿಯ ಹಣ್ಣು ಎಂದು ದೂರ ಇಟ್ಟು ದುಬಾರಿ ಕಿವಿ ಹಣ್ಣು ತರುತ್ತೇವೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಕೂತು ತಿನ್ನುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ ಇವೆಯಲ್ಲ, ಅದಕ್ಕಿಂತ ಒಳ್ಳೆಯ ಚಳಿಗಾಲದ ಪಟ್ಟಿ ನನ್ನ ಬಳಿ ಇಲ್ಲ. ಪುಟ್ಟ ಮಕ್ಕಳಿಗೆ ಶೇಂಗಾ ಪುಡಿ ಮಾಡಿ ಕೊಡಿ, ಇಡೀ ಕಾಳು ಶ್ವಾಸನಾಳಕ್ಕೆ ಹೋಗುತ್ತದೆ. ಸ್ನಾನ ದಿನ ಬಿಟ್ಟು ದಿನ ಆದರೂ ನಡೆಯುತ್ತದೆ. ಉಗುರುಬೆಚ್ಚನೆಯ ನೀರು, ಬೇಗ ಮುಗಿಸಿ, ಮೈ ಇನ್ನೂ ತುಸು ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಹತ್ತು ಗಂಟೆಗೆ ಬಿಸಿಲು ಏರಿದ ಮೇಲೂ ಮಂಕಿ ಕ್ಯಾಪ್ ತೆಗೆಯದಿದ್ದರೆ ಒಳಗೆ ಬೆವರಿ ಮೈಯೆಲ್ಲ ಬೊಕ್ಕೆ ಏಳುತ್ತವೆ.

ಪ್ರಶ್ನೆ: ಆರು ವರ್ಷದ ಮಗನಿಗೆ ಭತ್ತದ ಕಟಾವು ಶುರುವಾದರೆ ದಮ್ಮು. ಡಾಕ್ಟರು ಬಾಯಿಗೆ ಒತ್ತಿ ಎಳೆದುಕೊಳ್ಳುವ ಪಂಪ್ (ಇನ್ಹೇಲರ್) ಬರೆದಿದ್ದಾರೆ. ರೂಢಿಯಾಗಿಬಿಡುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಸಿರಪ್ ಸಾಲದೇ? (ಗಂಗಾವತಿ ಬಳಿಯ ಕ್ಯಾಂಪಿನಿಂದ ಒಬ್ಬ ರೈತ)

ಉತ್ತರ: ನೀವು ರೈತರು, ಲೆಕ್ಕ ಬೇಗ ಹಿಡಿಯುತ್ತೀರಿ. ಸಾಲ್ಬುಟಮಾಲ್ ಸಿರಪ್ ಒಂದು ಚಮಚದಲ್ಲಿ, ಎಂದರೆ 5 ಎಂ.ಎಲ್.ನಲ್ಲಿ, ಔಷಧ 2 ಮಿಲಿಗ್ರಾಂ. ಅದೇ ಔಷಧದ ಪಂಪಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ. ಒಂದು ಚಮಚ ಎಂದರೆ ಇಪ್ಪತ್ತು ಒತ್ತು! ಸಿರಪ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಕೈ ನಡುಗಿಸಿ, ಎದೆ ಬಡಿತ ಏರಿಸಿ, ಕೊನೆಗೆ ಶ್ವಾಸನಾಳಕ್ಕೆ ತಲುಪುತ್ತದೆ. ಪಂಪು ನೇರವಾಗಿ ಅಲ್ಲಿಗೇ ಹೋಗುತ್ತದೆ. ಬೆಳೆಯ ಬುಡಕ್ಕೆ ಹನಿ ನೀರಾವರಿ ಮಾಡುವುದಕ್ಕೂ ಇಡೀ ಗದ್ದೆಗೆ ನೀರು ನಿಲ್ಲಿಸುವುದಕ್ಕೂ ಇರುವಷ್ಟೇ ವ್ಯತ್ಯಾಸ. ರೂಢಿಯಾಗುವುದಿಲ್ಲ, ಕನ್ನಡಕ ಯಾರಿಗಾದರೂ ರೂಢಿಯಾಯಿತು ಎನ್ನುತ್ತೇವೆಯೇ?

ಪಂಪನ್ನು ಬರಿಯಾಗಿ ಬಾಯಿಗೆ ಹೊಡೆದರೆ ಔಷಧ ಗಂಟಲಿಗೆ ಅಂಟಿ ವ್ಯರ್ಥ. ಸ್ಪೇಸರ್ ಎಂಬ ಕೊಳವೆ ಸೇರಿಸಿ ಕೊಡಿ. ಅದು ಕೈಗೆ ಸಿಗದ ರಾತ್ರಿ ಅರ್ಧ ಲೀಟರ್ ನೀರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಹಿಡಿಯುವಷ್ಟು ತೂತು ಮಾಡಿ ಕೂರಿಸಿದರೂ ಕೆಲಸ ಆಗುತ್ತದೆ. ವೈದ್ಯರು ದಿನವೂ ಬಳಸಲು ಇನ್ನೊಂದು ಪಂಪ್ ಬರೆದಿದ್ದರೆ ಅದು ದಮ್ಮು ಬಾರದಂತೆ ತಡೆಯುವುದು. ಮಗ ಚೆನ್ನಾಗಿದ್ದಾನೆ ಎಂದು ನಡುವೆ ಬಿಡಬೇಡಿ, ಹೊಡೆದ ಮೇಲೆ ಬಾಯಿ ಮುಕ್ಕಳಿಸಲಿ. ಇವನಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯೂ ಒಳ್ಳೆಯದು. ಅದು ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಹಣ ಕೊಟ್ಟು ಹಾಕಿಸಬೇಕು.

ಇನ್ನು ಕಟಾವು ಯಂತ್ರ ಹೋದ ಮೇಲೆ ಹುಲ್ಲಿಗೆ ಬೆಂಕಿ ಇಡುವುದು. ಸಂಜೆ ಆರಕ್ಕೆ ನಿಮ್ಮ ಕಡೆಯಿಂದ ಏಳುವ ಹೊಗೆ ಒಂಬತ್ತಕ್ಕೆ ನನ್ನ ಬೆಂಚಿಗೆ ಬರುತ್ತದೆ. ನಿಮಗೆ ಇದು ಗೊತ್ತಿದೆ ಎಂದು ನನಗೂ ಗೊತ್ತು.

ಪ್ರಶ್ನೆ: ಚಳಿಗಾಲದಲ್ಲೂ ಮಗುವಿಗೆ ಭೇದಿ ಏಕೆ? ಓ.ಆರ್.ಎಸ್. ಒಂದು ಲೋಟಕ್ಕೆ ಎಷ್ಟು ಹಾಕಬೇಕು? (ರಾಯಚೂರು)

ಉತ್ತರ: ರೋಟಾವೈರಸ್ ಭೇದಿ ನಮ್ಮಲ್ಲಿ ಹೆಚ್ಚುವುದೇ ಚಳಿಗಾಲದಲ್ಲಿ. 6, 10, 14 ವಾರಕ್ಕೆ ಬಾಯಿಗೆ ಹಾಕುವ ಉಚಿತ ಹನಿ ಇದಕ್ಕೇ. ಲೋಟದ ಲೆಕ್ಕ ಬೇಡವೇ ಬೇಡ. ದೊಡ್ಡ ಪೊಟ್ಟಣ ಪೂರ್ತಿ, ಕುದಿಸಿ ಆರಿಸಿದ ನೀರು ಪೂರ್ತಿ ಒಂದು ಲೀಟರ್. ಸ್ವಲ್ಪ ಸ್ವಲ್ಪ ಪುಡಿ ಅಂದಾಜಿಗೆ ಬೆರೆಸಿದರೆ ಉಪ್ಪು ಏರಿ ಮಗುವಿಗೇ ಅಪಾಯ. 24 ಗಂಟೆ ಕಳೆದರೆ ಚೆಲ್ಲಿ. ಜೊತೆಗೆ ಜಿಂಕ್ 14 ದಿನ: ಆರು ತಿಂಗಳೊಳಗೆ 10, ಆಮೇಲೆ 20 ಮಿಲಿಗ್ರಾಂ. ಭೇದಿ ನಿಂತಿತೆಂದು ನಾಲ್ಕನೆಯ ದಿನಕ್ಕೇ ಬಿಡಬಾರದು.

ಪ್ರಶ್ನೆ: ಮಗುವಿಗೆ ಪಕ್ಕೆ ಹಾರುತ್ತಿವೆ. ಹಿರಿಯರು ಹೊಟ್ಟೆಗೆ ಚುಟಿಗೆ ಹಾಕಿಸೋಣ ಎನ್ನುತ್ತಿದ್ದಾರೆ. (ಕುಷ್ಟಗಿ ತಾಲ್ಲೂಕು)

ಉತ್ತರ: ಪತ್ರ ತಲುಪಿದ ದಿನವೇ ಇವರಿಗೆ ಫೋನ್ ಮಾಡಿದೆ, ಮಗು ಆಸ್ಪತ್ರೆಯಲ್ಲಿತ್ತು, ಚೇತರಿಸಿಕೊಳ್ಳುತ್ತಿತ್ತು. ಉಳಿದವರಿಗಾಗಿ ಬರೆಯುತ್ತೇನೆ. ಪಕ್ಕೆ ಹಾರುವುದು ಎಂದರೆ ಮಗು ಗಾಳಿಗಾಗಿ ಒದ್ದಾಡುತ್ತಿದೆ ಎಂದು ಅರ್ಥ. ಕಾದ ಸೂಜಿಯಿಂದ ಶ್ವಾಸಕೋಶದ ಸೋಂಕು ಹೋಗುವುದಿಲ್ಲ, ಸುಟ್ಟ ಗಾಯವೊಂದು ಮೇಲೆ ಸೇರುತ್ತದೆ, ಆಸ್ಪತ್ರೆಗೆ ಬರಬೇಕಾದ ಹೊತ್ತು ಕಳೆದುಹೋಗುತ್ತದೆ. ಹೊಟ್ಟೆಯ ಮೇಲೆ ಐದು ಕಪ್ಪು ಚುಕ್ಕೆ ಇರುವ ಮಕ್ಕಳು ಈಗಲೂ ಬರುತ್ತಾರೆ. ನನಗೆ ಬರುವಷ್ಟು ಸಿಟ್ಟು ಇಲ್ಲಿ ಅಚ್ಚು ಹಾಕುವಂಥದ್ದಲ್ಲ. 108ಕ್ಕೆ ಕರೆ ಮಾಡಿ.

ಪ್ರಶ್ನೆ: ಐದು ತಿಂಗಳ ಮಗುವನ್ನು ಅಜ್ಜನ ಜಾತ್ರೆಗೆ ಕರೆದುಕೊಂಡು ಹೋಗಬಹುದೇ? ಹರಕೆ ಇದೆ. (ಕೊಪ್ಪಳ)

ಉತ್ತರ: ಗವಿಮಠದ ಜಾತ್ರೆಗೆ ಬೇಡ ಎಂದು ಹೇಳಿ ಕೊಪ್ಪಳದಲ್ಲಿ ನಾನು ತಿರುಗಾಡುವುದಾದರೂ ಹೇಗೆ? ತೇರಿನ ದಿನ ಮಾತ್ರ ಬಿಟ್ಟುಬಿಡಿ. ಲಕ್ಷಗಟ್ಟಲೆ ಜನ, ಧೂಳು, ಕೆಮ್ಮುವವರ ನಡುವೆ ಎಳೆಯ ಮಗು ಬೇಡ. ಜಾತ್ರೆ ಆಮೇಲೂ ಇರುತ್ತದೆ. ಯಾವುದಾದರೊಂದು ವಾರದ ದಿನ, ಬಿಸಿಲು ಏರಿ ಚಳಿ ಬಿಟ್ಟ ಮೇಲೆ ಹೋಗಿ, ಸಂಜೆಯ ಇಬ್ಬನಿಗೆ ಮೊದಲೇ ಮನೆ ಸೇರಿ. ಹೊರಡುವ ಮುಂಚೆ ತಾಯಿ ಕಾರ್ಡ್ ತೆಗೆದು ನೋಡಿ: 6 ಮತ್ತು 14 ವಾರದ ನ್ಯುಮೋಕಾಕಲ್ ಲಸಿಕೆ ಆಗಿರಬೇಕು, 9ನೆಯ ತಿಂಗಳಿನದು ಇನ್ನೂ ಬಾಕಿ ಇರುತ್ತದೆ. ಸಿಕ್ಕ ಸಿಕ್ಕ ನೆಂಟರೆಲ್ಲ ಮಗುವಿನ ಕೆನ್ನೆಗೆ ಮುತ್ತು ಕೊಡದಂತೆ ಕಾಯುವ ಕೆಲಸ ಮಗುವಿನ ಅಪ್ಪನಿಗೆ ವಹಿಸಿ. ದಾಸೋಹದಲ್ಲಿ ಮಾದಲಿ, ಮಿರ್ಚಿ ನೀವು ತಿನ್ನಿ. ಮಗುವಿಗೆ ಎದೆಹಾಲು ಮಾತ್ರ, ಆರು ತಿಂಗಳು ತುಂಬುವವರೆಗೆ ತೀರ್ಥವೂ ಬೇಡ.