ಹೊಸ ಕಾಲೇಜು ತೆರೆದರೆ ನರ್ಸ್‌ಗಳ ಕೊರತೆ ನೀಗುತ್ತದಾ?

ಬೆಂಗಳೂರಿನಲ್ಲಿ ಇಷ್ಟೊಂದು ನರ್ಸಿಂಗ್ ಕಾಲೇಜುಗಳಿದ್ದರೂ ಆಸ್ಪತ್ರೆಗಳಿಗೆ ನರ್ಸ್ ಸಾಲುತ್ತಿಲ್ಲ ಯಾಕೆ, ಇನ್ನಷ್ಟು ಕಾಲೇಜು ತೆರೆದರೆ ಸರಿಹೋಗುತ್ತದಾ ಎಂದು ಕೇಳಿದ್ದೀರಿ. ನಿಮ್ಮ ತಂಗಿ ಈ ವರ್ಷ ಬಿಎಸ್ಸಿ ನರ್ಸಿಂಗ್ ಮುಗಿಸುತ್ತಿದ್ದಾಳೆ ಅಂತಲೂ ಬರೆದಿದ್ದೀರಿ. ನಾನು ಇದೇ ಊರಿನ ಖಾಸಗಿ ಆಸ್ಪತ್ರೆಗಳಲ್ಲಿ 14 ವರ್ಷದಿಂದ ನರ್ಸ್ ಆಗಿದ್ದೇನೆ, ಈಗ ವಾರ್ಡ್ ಇನ್‌ಚಾರ್ಜ್. ಕಾಲೇಜಿನಿಂದ ಹುಡುಗಿಯರು ಬರ್ತಾನೇ ಇದ್ದಾರೆ. ಎರಡು ಮೂರು ವರ್ಷ ಆಗುತ್ತಿದ್ದ ಹಾಗೆ ಹೊರಟುಬಿಡುತ್ತಾರೆ.

ಒಂದು ಲೆಕ್ಕ ನೋಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು. ಪ್ರತಿ ಶಿಫ್ಟಿಗೂ ಐವರಿಗೆ ಒಬ್ಬರಂತೆ ಇಟ್ಟರೆ 30 ಹಾಸಿಗೆಯ ವಾರ್ಡಿಗೆ ಶಿಫ್ಟಿಗೆ 6, ಮೂರು ಶಿಫ್ಟಿಗೆ 18 ಜನ. ಇದರ ಮೇಲೆ ರಜೆಗೆ ಅಂತ ಶೇಕಡಾ 30ರಷ್ಟು ಹೆಚ್ಚು ಜನ ಬೇಕು ಅಂತಲೂ ಪರಿಷತ್ತು ಹೇಳುತ್ತದೆ. ಅಂದರೆ 23-24 ಜನ. ಖರ್ಚು ಉಳಿಸಬೇಕು ಅಂದಾಗ ಆಡಳಿತದವರು ಮೊದಲು ಕೈಹಾಕುವುದು ಈ ಐದಾರು ಜನರಿಗೇ. ಅವರು ಕಣ್ಣಿಗೆ ಹೆಚ್ಚುವರಿ ಥರ ಕಾಣುತ್ತಾರೆ ಅಲ್ವಾ? ಆಮೇಲೆ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೆ ಡಬಲ್ ಡ್ಯೂಟಿ. ಅವಳ ವಾರದ ಆಫ್ ಹೋಯಿತು. ಮುಂದಿನ ವಾರ ಅವಳೇ ಮಲಗುತ್ತಾಳೆ. ನಾನು ನೋಡಿದ ರಾಜೀನಾಮೆಗಳಲ್ಲಿ ಬಹುಪಾಲು ಇಲ್ಲಿಂದಲೇ ಶುರುವಾದವು.

ಹಿಂದಿನ ಒಂದು ಆಸ್ಪತ್ರೆಯ ರಾತ್ರಿ ನನಗಿನ್ನೂ ಮರೆತಿಲ್ಲ. 28 ರೋಗಿಗಳು, ನಾವಿಬ್ಬರು. ಹನ್ನೆರಡು ಗಂಟೆಯ ಆಂಟಿಬಯೋಟಿಕ್ ಕೊಟ್ಟು ಮುಗಿಸುವಾಗ ಎರಡೂಕಾಲು. ಒಬ್ಬ ಅಜ್ಜಿಗೆ ರಕ್ತನಾಳ ಸಿಗುತ್ತಲೇ ಇರಲಿಲ್ಲ. ನನ್ನ ಜೊತೆಗಿದ್ದವಳು ಕೇರಳದ ಹುಡುಗಿ, ಮೂರು ವರ್ಷದಲ್ಲಿ ಚೆನ್ನಾಗಿ ಕನ್ನಡ ಕಲಿತಿದ್ದಳು. ಅಜ್ಜಿಯ ಕೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಸುತ್ತಿ, ‘ಸ್ವಲ್ಪ ತಡ್ಕೊಳ್ಳಿ ಅಜ್ಜಿ, ಆಯ್ತು’ ಅನ್ನುತ್ತಾ ಒಂದೇ ಸಲಕ್ಕೆ ಕ್ಯಾನುಲಾ (ರಕ್ತನಾಳಕ್ಕೆ ಔಷಧಿ ಕೊಡುವ ಸಣ್ಣ ನಳಿಕೆ) ಹಾಕಿದಳು. ಆರು ತಿಂಗಳ ನಂತರ ಅವಳು ಜರ್ಮನಿಗೆ ಹೋದಳು. ಅವಳ ಜಾಗಕ್ಕೆ ಆಗಷ್ಟೇ ಕಾಲೇಜು ಮುಗಿಸಿದವಳು ಬಂದಳು. ಪಟ್ಟಿಯಲ್ಲಿ ಸಂಖ್ಯೆ ಸರಿಯಾಯಿತು, ಆದರೆ ಅವಳಿಗೆ ಆ ಕೆಲಸ ಕಲಿಸಬೇಕಾದವಳೇ ಹೊರಟುಹೋಗಿದ್ದಳು.

ಸಂಬಳದ ವಿಷಯಕ್ಕೆ ಬಂದರೆ, 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, ತೀರಾ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಸಮಿತಿ ಶಿಫಾರಸು ಮಾಡಿತು. ಪಿಜಿ ಬಾಡಿಗೆ, ಊಟ, ಓದಿನ ಸಾಲದ ಕಂತು ಕಳೆದರೆ ಆ 20,000ದಲ್ಲಿ ಏನು ಉಳಿಯುತ್ತದೆ ಹೇಳಿ. ಅಷ್ಟೂ ಸಿಗದವರು ಎಷ್ಟೋ ಜನರನ್ನು ನಾನು ಬಲ್ಲೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿ ಅನ್ನುವುದಕ್ಕೆ 2004ರಿಂದ ಕಾನೂನೇ ಇದೆ. ಸಾಮಾನ್ಯ ವಾರ್ಡಿನಲ್ಲಿ ಈಗ ಅವರಿಗೂ ಐದೇ ರೋಗಿ. ನಮ್ಮಲ್ಲಿರುವುದೂ ಅದೇ ಸಂಖ್ಯೆ! ಅಲ್ಲಿ ಅದು ಕಾನೂನು, ಇಲ್ಲಿ ಕಾಗದ. ಕರ್ನಾಟಕದಲ್ಲಿ ಆಸ್ಪತ್ರೆಯ ನೋಂದಣಿ ನವೀಕರಿಸುವಾಗ ಅಧಿಕಾರಿಗಳು ಮೂರು ತಿಂಗಳ ನೈಟ್ ಡ್ಯೂಟಿ ಪಟ್ಟಿ ಕೇಳಿ ನೋಡಲಿ ಅನ್ನುವುದು ನನ್ನ ಆಸೆ. ಹಗಲಲ್ಲಿ ಜನ ತೋರಿಸುವುದು ಸುಲಭ.

ಕಾನೂನು ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ನನ್ನ ವಾರ್ಡಿನಲ್ಲಿ ಈಗ ಡ್ಯೂಟಿ ಪಟ್ಟಿ 15 ದಿನ ಮುಂಚೆಯೇ ಹಾಕುತ್ತೇನೆ. ನೈಟ್ ಮುಗಿದವಳನ್ನು ಮರುದಿನ ಯಾವ ಕಾರಣಕ್ಕೂ ಕರೆಯುವುದಿಲ್ಲ. ಇದಕ್ಕಾಗಿ ಮೇಲಿನವರ ಹತ್ತಿರ ಜಗಳ ಆಡಿದ್ದೇನೆ. ಕಳೆದ ಒಂದು ವರ್ಷದಲ್ಲಿ ಒಬ್ಬಳೇ ಬಿಟ್ಟುಹೋದಳು, ಅದೂ ಮದುವೆಯಾಗಿ ಹುಬ್ಬಳ್ಳಿಗೆ.

ನಿಮ್ಮ ತಂಗಿಗೆ ಹೇಳಿ, ಇಂಟರ್‌ವ್ಯೂನಲ್ಲಿ ಸಂಬಳ ಕೇಳುವ ಮೊದಲು ಇವನ್ನು ಕೇಳಲಿ: ರಾತ್ರಿ ಒಬ್ಬರಿಗೆ ಎಷ್ಟು ರೋಗಿ, ಡಬಲ್ ಡ್ಯೂಟಿಗೆ ದುಡ್ಡಾ ಆಫಾ, ಬಿಟ್ಟುಹೋಗಬಾರದು ಅಂತ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತಾರಾ. ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬರಲಿ. ಬೇರೆ ಕಡೆ ಖಂಡಿತ ಕೆಲಸ ಸಿಗುತ್ತದೆ.