ಅಮ್ಮೀಟರ್ ಮುಳ್ಳು ಕುಣಿದರೆ ರೆಗ್ಯುಲೇಟರ್‌ಗೆ ಯಾಕೆ ಶಿಕ್ಷೆ?

ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದ ಮೇಲೆ ವಿಮಾನದ ವಿಷಯ ಕೇಳಿ ನನಗೆ ಪತ್ರ ಬರೆಯುವವರು ಜಾಸ್ತಿ ಆಗಿದ್ದಾರೆ. ಸಂತೋಷ. ಆದರೆ ಸುತ್ತಿ ಬಳಸಿ ಬರುವುದು ಅದೇ ನಾಲ್ಕೈದು ಪ್ರಶ್ನೆ.

ಪ್ರಶ್ನೆ: ಕಾರ್ಖಾನೆಯಲ್ಲಿ ಒಂದು ಕೆಲಸ ಕೊಡಿಸ್ತೀರಾ ಸಾರ್? (ಕುಣಿಗಲ್)

ಇಲ್ಲ. ಕೊಡಿಸ್ತೀನಿ ಅಂತ ದುಡ್ಡು ಕೇಳುವವರ ಹತ್ತಿರವೂ ಹೋಗಬೇಡಿ.

ಪ್ರಶ್ನೆ: ನಾನು ವಿಮಾನ ನಿರ್ವಹಣೆಯ ಟ್ರೈನಿ. ನಮ್ಮ ಹಳೆಯ ಸಣ್ಣ ವಿಮಾನ ಸೆಸ್ನಾ 172ರಲ್ಲಿ ಅಮ್ಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ಆ ಕಡೆ ಈ ಕಡೆ ಓಲಾಡುತ್ತದೆ. ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಎರಡು ಸಲ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಒಂದು ಸಲ ಬದಲಾಯಿಸಿದೆವು. ನಾಲ್ಕು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಊರಿನ ಕಾರ್ ಎಲೆಕ್ಟ್ರಿಷಿಯನ್ ಒಬ್ಬರು, ಬಸ್‌ನಿಂದ (ವಿಮಾನದಲ್ಲಿ ಎಲ್ಲ ಕಡೆಗೂ ಕರೆಂಟ್ ಹಂಚುವ ಲೋಹದ ಪಟ್ಟಿ) ರೆಗ್ಯುಲೇಟರ್‌ಗೆ ನೇರ ಒಂದು ವೈರ್ ಎಳೆಯಿರಿ ಅಂದರು. ಎಳೆಯಬಹುದಾ? (ತಿಪಟೂರು)

ಮೂರು ಪಾರ್ಟ್ ಬದಲಾಯಿಸಿದ್ದೀರಿ. ಮೀಟರ್ ಎಷ್ಟು ಸಲ ಹಿಡಿದಿರಿ? ನಿಮ್ಮ ಎರಡು ಪುಟದ ಪತ್ರದಲ್ಲಿ ಒಂದೇ ಒಂದು ರೀಡಿಂಗ್ ಇಲ್ಲ. ಇದಕ್ಕೆ ನಮ್ಮ ಹ್ಯಾಂಗರಿನಲ್ಲಿ ಲಾಟರಿ ಅನ್ನುತ್ತಿದ್ದೆವು. ತೋಟದಲ್ಲಿ ಮೋಟರ್ ಓಡದಿದ್ದರೆ ಯಾವ ರೈತನೂ ಮೊದಲೇ ಬೋರ್‌ವೆಲ್‌ನಿಂದ ಮೋಟರ್ ಎತ್ತಿಸುವುದಿಲ್ಲ. ಪ್ಯಾನೆಲ್ ಬೋರ್ಡ್ ತೆಗೆದು ಸ್ಟಾರ್ಟರ್ ಕಾಂಟ್ಯಾಕ್ಟ್ ಸುಟ್ಟಿದೆಯಾ ನೋಡುತ್ತಾನೆ. ನೀವು ಎತ್ತಿಸಿದ್ದೀರಿ, ಅದೂ ಮೂರು ಸಲ.

ಮೊದಲು ಸ್ಟ್ರೋಬ್, ಬೀಕನ್ ಎರಡೂ ಆಫ್ ಮಾಡಿ. ಆ ದೀಪಗಳು ಮಿನುಗುವ ತಾಳಕ್ಕೆ ಮುಳ್ಳು ಅಲ್ಲಾಡುತ್ತಿದ್ದರೆ ಅದು ಕಾಯಿಲೆಯೇ ಅಲ್ಲ. ಆಮೇಲೂ ಓಲಾಡಿದರೆ ಮುಂದೆ ಓದಿ.

ನಿಮ್ಮ ವಿಮಾನದಲ್ಲಿ ರೆಗ್ಯುಲೇಟರ್ ಬಸ್ ವೋಲ್ಟೇಜ್ ನೋಡುವ ದಾರಿಯೂ, ಆಲ್ಟರ್ನೇಟರಿನ ಫೀಲ್ಡ್‌ಗೆ (ಒಳಗೆ ಕಾಂತದಂತೆ ಕೆಲಸ ಮಾಡುವ ತಂತಿ ಸುರುಳಿ, ಇದಕ್ಕೆ ಕರೆಂಟ್ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು) ಕರೆಂಟ್ ಹೋಗುವ ದಾರಿಯೂ ಒಂದೇ. ಬಸ್‌ನಿಂದ ಹೊರಟ ತಂತಿ ಬ್ರೇಕರ್ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಗುಂಡಿ), ಕೆಂಪು ಮಾಸ್ಟರ್ ಸ್ವಿಚ್ಚಿನ ಎಡಗಡೆಯ ಆಲ್ಟರ್ನೇಟರ್ ಭಾಗ, ಒಂದೆರಡು ಕನೆಕ್ಟರ್ ದಾಟಿ ಬರುತ್ತದೆ. ಮೂವತ್ತು ನಲವತ್ತು ವರ್ಷದಲ್ಲಿ ಒಂದೊಂದು ಕಡೆಯೂ ಚೂರು ಚೂರು ರೆಸಿಸ್ಟೆನ್ಸ್ ಸೇರುತ್ತದೆ. ಫೀಲ್ಡ್‌ಗೆ ಎರಡು ಮೂರು ಆಂಪಿಯರ್ ಹರಿದರೆ ಸಾಕು, ದಾರಿಯಲ್ಲೇ ಅರ್ಧ ಮುಕ್ಕಾಲು ವೋಲ್ಟ್ ಸೋರಿಹೋಗುತ್ತದೆ. ರೆಗ್ಯುಲೇಟರ್ ಪಾಪ, ಬಸ್ಸಿನಲ್ಲೇ ವೋಲ್ಟೇಜ್ ಕಮ್ಮಿ ಅಂದುಕೊಂಡು ಇನ್ನಷ್ಟು ಫೀಲ್ಡ್ ಕೊಡುತ್ತದೆ. ಕೊಟ್ಟಷ್ಟೂ ಅದಕ್ಕೆ ಕಮ್ಮಿಯೇ ಕಾಣುತ್ತದೆ. ಕೊನೆಗೆ ಬಸ್ ಮೇಲೇರಿದಾಗ ಫೀಲ್ಡ್ ಕಡಿಯುತ್ತದೆ. ಕಡಿದ ತಕ್ಷಣ ಸೋರಿಕೆ ಮಾಯ, ಈಗ ವೋಲ್ಟೇಜ್ ಒಮ್ಮೆಲೇ ಜಾಸ್ತಿ ಕಾಣುತ್ತದೆ, ಇನ್ನೂ ಕಡಿಯುತ್ತದೆ. ಮತ್ತೆ ಮೊದಲಿಂದ ಶುರು. ಮುಳ್ಳು ಕುಣಿಯುವುದು ಇದಕ್ಕೆ.

ಹೊಸ ರೆಗ್ಯುಲೇಟರ್ ಹಾಕಿದಾಗ ನಾಲ್ಕು ದಿನ ಸರಿ ಹೋಗಿದ್ದು ಯಾಕೆ ಗೊತ್ತಾ? ಕನೆಕ್ಟರ್ ಕಳಚಿ ಹಾಕಿದಿರಲ್ಲ, ಪಿನ್ನುಗಳು ಉಜ್ಜಿಕೊಂಡು ಸ್ವಲ್ಪ ಶುದ್ಧವಾದವು. ಅಷ್ಟೇ.

ಎಂಜಿನ್ ಆಫ್ ಇರಲಿ. ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆಯೂ ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪ್ರೊಪೆಲ್ಲರ್ ಹತ್ತಿರ ಯಾರೂ ನಿಲ್ಲಬಾರದು. ಈ ವಿಷಯದಲ್ಲಿ ನಾನು ಜಗಳಗಂಟ, ಇರಲಿ. ಮಾಸ್ಟರ್‌ನ ಎರಡೂ ಭಾಗ ಆನ್ ಮಾಡಿ. ಎಂಜಿನ್ ನಿಂತಿದ್ದರೂ ಫೀಲ್ಡ್‌ಗೆ ಕರೆಂಟ್ ಹರಿಯುತ್ತದೆ. ಮೀಟರಿನ ಒಂದು ಕಡ್ಡಿ ಬಸ್ಸಿಗೆ, ಇನ್ನೊಂದು ರೆಗ್ಯುಲೇಟರಿನ ಇನ್‌ಪುಟ್‌ಗೆ. 0.2 ವೋಲ್ಟ್ ಆಸುಪಾಸಿದ್ದರೆ ಬಿಡಿ. ಅರ್ಧ ವೋಲ್ಟ್ ಬಂದರೆ ಕಳ್ಳ ಅಲ್ಲೇ ಇದ್ದಾನೆ. ಬ್ರೇಕರಿನ ಎರಡು ಕಡೆ, ಸ್ವಿಚ್ಚಿನ ಎರಡು ಕಡೆ, ಕನೆಕ್ಟರಿನ ಎರಡು ಕಡೆ ಹಿಡಿಯುತ್ತಾ ಬನ್ನಿ.

ನಾನು ಹೆಚ್ಚಾಗಿ ಹಿಡಿದಿದ್ದು ಮಾಸ್ಟರ್ ಸ್ವಿಚ್ಚನ್ನೇ. ಒಂದನ್ನು ಬಿಚ್ಚಿ ನೋಡಿದರೆ ಒಳಗಿನ ಕಾಂಟ್ಯಾಕ್ಟು ಮಂಗಳಾರತಿ ತಟ್ಟೆಯ ಹಾಗೆ ಕರ್ರಗಾಗಿತ್ತು. ಅದನ್ನು ಮೊದಲು ನೋಡಿದ ಹುಡುಗ, 'ಕಂಟಿನ್ಯುಯಿಟಿ ಬೀಪ್ ಬರ್ತಿದೆ ಸಾರ್, ಸರಿ ಇದೆ' ಅಂದಿದ್ದ. ದಾರಿ ಕಡಿದಿಲ್ಲ ಅಂತ ಮೀಟರ್ ಕೊಡುವ ಆ ಬೀಪ್ ಬರಲು ಚಿಟಿಕೆ ಕರೆಂಟ್ ಸಾಕಪ್ಪ. ಲೋಡ್ ಹರಿಯುವಾಗ ಅಳೆಯಿರಿ. ಸ್ವಿಚ್ ಕೆಟ್ಟಿದ್ದರೆ ಹೊಸದು ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ ವಾಪಸ್ ಹಾಕಬೇಡಿ. ಲೈಸೆನ್ಸ್ ಇರುವ ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆ ವಿಮಾನ ಹೊರಗೆ ಬರಲಿ.

ಆ ನೇರ ವೈರ್ ಬಗ್ಗೆ. ಹಾಗೆ ಎಳೆದರೆ ಮುಳ್ಳು ಖಂಡಿತ ನಿಲ್ಲುತ್ತದೆ. ಆದರೆ ಗಾಳಿಯಲ್ಲಿ ಆಲ್ಟರ್ನೇಟರ್ ಹುಚ್ಚೆದ್ದು ವೋಲ್ಟೇಜ್ ಏರಿಸಿದ ದಿನ ಫೀಲ್ಡ್ ಕಡಿಯಲು ಸ್ವಿಚ್ಚೂ ಇರುವುದಿಲ್ಲ, ಬ್ರೇಕರೂ ಇರುವುದಿಲ್ಲ. ಅವರು ಕಾರ್ ನೋಡಿಕೊಳ್ಳಲಿ.

ಪ್ರಶ್ನೆ: ಸೋತ ಬ್ಯಾಟರಿಗೆ ಆಸ್ಪಿರಿನ್ ಮಾತ್ರೆ ಹಾಕಿದರೆ ಜೀವ ಬರುತ್ತಂತೆ? (ಮಧುಗಿರಿ)

ತಲೆನೋವು ನಿಮಗೆ ಬರುತ್ತದೆ, ಮಾತ್ರೆ ಆಗ ಬೇಕಾಗುತ್ತದೆ, ಇಟ್ಟುಕೊಳ್ಳಿ.

ಪ್ರಶ್ನೆ: ಹಾರುವಾಗ ಬ್ರೇಕರ್ ಹಾರಿದರೆ ಎಷ್ಟು ಸಲ ಒತ್ತಬಹುದು? (ಶಿರಾ)

ಅದಿಲ್ಲದೆ ಇಳಿಯಲು ಆಗುವುದಿಲ್ಲ ಅನ್ನುವಂಥದ್ದಾದರೆ, ತಣ್ಣಗಾದ ಮೇಲೆ, ಹೊಗೆ ವಾಸನೆ ಇಲ್ಲದಿದ್ದರೆ, ಒಂದು ಸಲ. ಉಳಿದದ್ದನ್ನು ಮುಟ್ಟಲೇಬೇಡಿ.

ಪ್ರಶ್ನೆ: ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತದಲ್ಲ, ಹೊರಗಿನ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿ ಹಾರಿಬಿಟ್ಟರೆ ಏನು ತಪ್ಪು? (ತುಮಕೂರು)

ಮ್ಯಾಗ್ನೆಟೊ ಇರುವ ಎಂಜಿನ್ ಓಡುತ್ತದೆ, ನಿಜ. ಎಲ್ಲ ಎಂಜಿನ್ನೂ ಹಾಗಲ್ಲ. 2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಡೈಮಂಡ್ ಡಿಎ42 ವಿಮಾನವೊಂದು ಹೀಗೇ ಬ್ಯಾಟರಿ ಸತ್ತಿದ್ದಾಗ ಹೊರಗಿನ ಕರೆಂಟಿನಿಂದ ಸ್ಟಾರ್ಟ್ ಆಗಿ ಹೊರಟಿತು. ಅದರ ಡೀಸೆಲ್ ಎಂಜಿನ್‌ಗಳನ್ನು ನಡೆಸುವುದು ಕಂಪ್ಯೂಟರ್. ಮೇಲೇರುತ್ತಾ ಚಕ್ರ ಮಡಿಸಲು ಮೋಟರ್ ಎಳೆದ ಕ್ಷಣ ವೋಲ್ಟೇಜ್ ಕುಸಿಯಿತು, ಎರಡೂ ಎಂಜಿನ್ ಒಟ್ಟಿಗೆ ನಿಂತವು. ನಿಮ್ಮದು ಮ್ಯಾಗ್ನೆಟೊ ಎಂಜಿನ್ನೇ ಆದರೂ, ಪೂರ್ತಿ ಸತ್ತ ಬ್ಯಾಟರಿ ಇದ್ದರೆ ಆಲ್ಟರ್ನೇಟರ್ ಫೀಲ್ಡ್ ಏಳದೇ ಇರಬಹುದು. ಬಿಚ್ಚಿ, ಬೆಂಚಿನ ಮೇಲೆ ಚಾರ್ಜ್ ಮಾಡಿ, ಯಾಕೆ ಸತ್ತಿತು ಅಂತ ಹುಡುಕಿ. ನಾಳೆ ಹಾರಿ.