ಸೆಪ್ಸಿಸ್ ರೋಗಿಗೆ ಪ್ರೊಬಯಾಟಿಕ್ ಕೊಡಬಹುದೇ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ. ನ್ಯುಮೋನಿಯಾ ಸೆಪ್ಸಿಸ್‌ಗೆ (ಸೋಂಕಿಗೆ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯಿಂದ ಅಂಗಾಂಗಗಳು ಕುಸಿಯುವ ಸ್ಥಿತಿಗೆ) ತಿರುಗಿ ಒಂಬತ್ತು ದಿನಗಳಿಂದ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಆಂಟಿಬಯಾಟಿಕ್ ಆರಂಭಿಸಿದ ಮೇಲೆ ಭೇದಿಯೂ ಆಗುತ್ತಿದೆ. ಮೂಗಿನ ನಳಿಕೆಯ ಮೂಲಕ ಪ್ರೊಬಯಾಟಿಕ್ ಕೊಡಿ ಎಂದು ಕೇಳಿಕೊಂಡರೆ ವೈದ್ಯರು ಒಪ್ಪುತ್ತಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾದಿಂದ ತೊಂದರೆಯೇನು?

ಉತ್ತರ: ನಿಮ್ಮ ಆಲೋಚನೆಯಲ್ಲಿ ಹುರುಳಿದೆ. ಸೆಪ್ಸಿಸ್ ಮತ್ತು ಆಂಟಿಬಯಾಟಿಕ್ ಎರಡೂ ಸೇರಿ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೆಲವೇ ದಿನಗಳಲ್ಲಿ ಕುಗ್ಗಿಸಿಬಿಡುತ್ತವೆ. ಅವು ನಾರಿನಂಶದಿಂದ ತಯಾರಿಸುತ್ತಿದ್ದ, ಕರುಳಿನ ಒಳಪದರಕ್ಕೆ ಆಹಾರವಾಗಿದ್ದ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ಕೂಡ ಕಡಿಮೆಯಾಗುತ್ತದೆ. ಆದರೆ ಹೊರಗಿನಿಂದ ಕೊಟ್ಟ ಒಂದೆರಡು ತಳಿಗಳು ಆ ನಷ್ಟವನ್ನು ತುಂಬಿಕೊಡುತ್ತವೆಯೇ ಎಂದು ಪರೀಕ್ಷಿಸಿದಾಗ ಸಿಕ್ಕ ಉತ್ತರ ನಿರಾಶಾದಾಯಕ. 2021ರಲ್ಲಿ ಪ್ರಕಟವಾದ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದ 2,650 ರೋಗಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬ ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಅಥವಾ ಪ್ಲಾಸಿಬೊ (ಔಷಧಿಯಿಲ್ಲದ ಹುಸಿಮದ್ದು) ಕೊಡಲಾಯಿತು. ವೆಂಟಿಲೇಟರ್ ಮೇಲಿರುವಾಗ ಬರುವ ನ್ಯುಮೋನಿಯಾ ಮೊದಲ ಗುಂಪಿನಲ್ಲಿ ಶೇ 21.9, ಎರಡನೆಯದರಲ್ಲಿ ಶೇ 21.3 ಮಂದಿಗೆ ಬಂತು. ಸಾವಿನಲ್ಲಾಗಲಿ, ನೀವು ಹೇಳುವ ಭೇದಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಪ್ರಯೋಜನವಿಲ್ಲದಿದ್ದರೂ ಹಾನಿಯಂತೂ ಇಲ್ಲವಲ್ಲ ಎನ್ನುವಂತೆಯೂ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರೊಬಯಾಟಿಕ್ ಪಡೆದವರಲ್ಲಿ ಶೇ 16 ಮಂದಿ ಮೃತಪಟ್ಟರು, ಪಡೆಯದವರಲ್ಲಿ ಶೇ 6. ಮೊದಲ ಗುಂಪಿನ ಒಂಬತ್ತು ರೋಗಿಗಳ ಕರುಳಿಗೆ ರಕ್ತಪೂರೈಕೆ ಕುಂಠಿತಗೊಂಡಿತ್ತು. ಯೀಸ್ಟ್ ಇರುವ ಪ್ರೊಬಯಾಟಿಕ್‌ನ ಅಪಾಯ ಇನ್ನೂ ವಿಚಿತ್ರ: ಹಾಸಿಗೆಯ ಪಕ್ಕದಲ್ಲೇ ಪೊಟ್ಟಣ ಹರಿದಾಗ ಹಾರುವ ಪುಡಿ ಕೈಗವಸಿಗೆ ಅಂಟಿ, ಅದೇ ಕೈ ಕುತ್ತಿಗೆಯ ರಕ್ತನಾಳದ ಕೊಳವೆಯನ್ನು ಮುಟ್ಟಿದರೆ ಯೀಸ್ಟ್ ನೇರವಾಗಿ ರಕ್ತಕ್ಕೆ ಇಳಿಯಬಹುದು. ಪಕ್ಕದ ಹಾಸಿಗೆಯ ರೋಗಿಗೂ ಹೀಗಾದೀತು.

ಒಡಿಶಾದಲ್ಲಿ ಸಿನ್‌ಬಯಾಟಿಕ್ (ಪ್ರೊಬಯಾಟಿಕ್ ಮತ್ತು ಅದಕ್ಕೆ ಆಹಾರವಾಗುವ ಪ್ರಿಬಯಾಟಿಕ್ ಸೇರಿದ ಮಿಶ್ರಣ) ಪಡೆದ ನವಜಾತ ಶಿಶುಗಳಲ್ಲಿ ಸೆಪ್ಸಿಸ್ ಇಳಿದ 2017ರ ವರದಿಯನ್ನು ನೀವು ಓದಿರಬಹುದು. ಅದು ಆರೋಗ್ಯವಾಗಿದ್ದ ಮಕ್ಕಳಲ್ಲಿ ರೋಗ ತಡೆಯುವ ಪ್ರಯತ್ನ. ರೋಗ ಬಂದ ಮೇಲಿನ ಚಿಕಿತ್ಸೆಯಲ್ಲ.

ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಪ್ರಿಬಯಾಟಿಕ್ ನಾರಿನಲ್ಲಿ ಜೀವಾಣುಗಳಿರುವುದಿಲ್ಲ, ಹಾಗಾಗಿ ಸೋಂಕಿನ ಭಯವೂ ಇಲ್ಲ. ಆದರೂ ರಕ್ತದೊತ್ತಡ ಏರಿಸುವ ಔಷಧಿ ಹೆಚ್ಚಿನ ಪ್ರಮಾಣದಲ್ಲಿ ಹರಿಯುತ್ತಿರುವಾಗ, ಕರುಳಿನ ರಕ್ತಸಂಚಾರ ಕ್ಷೀಣಿಸಿರುವ ಸಾಧ್ಯತೆಯಿಂದ ಅದನ್ನೂ ದೂರವಿಡುವುದೇ ಲೇಸು. ತಂದೆಯವರ ಸ್ಥಿತಿ ಸ್ಥಿರಗೊಂಡ ಮೇಲೂ ಭೇದಿ ನಿಲ್ಲದಿದ್ದರೆ ನಾರುಯುಕ್ತ ನಳಿಕೆ ಆಹಾರದ ಬಗ್ಗೆ ಕೇಳಿ. ಅದಕ್ಕೂ ಮೊದಲು, ಆಂಟಿಬಯಾಟಿಕ್ ನಂತರ ಭೇದಿ ತರಿಸುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆ ಆಗಿದೆಯೇ, ನಳಿಕೆಯಲ್ಲಿ ಕೊಡುವ ಸಿರಪ್‌ಗಳಲ್ಲಿ ಭೇದಿ ತರಿಸುವ ಸಾರ್ಬಿಟಾಲ್ ಎಂಬ ಸಿಹಿಕಾರಕ ಇದೆಯೇ ಎಂದು ವಿಚಾರಿಸಿ.